ಗ್ಯಾಸ್ ಲೈನಿಗೆ ಯಾವ ಲೋಹ? ಎಸ್‌ಎಸ್ ಅನ್ನುವ ಮೊದಲು ನೀರಿನ ಲೆಕ್ಕ ನೋಡಿ

ದಾವಣಗೆರೆಯಲ್ಲಿ ಗ್ಯಾಸ್ ಲೈನ್ ಕೆಲಸ ಕೇಳಿಕೊಂಡು ಬರುವವರು ಲೋಹವನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. "ಎಸ್‌ಎಸ್ ಹಾಕಿಬಿಡಿ ಸಾರ್, ತುಕ್ಕಿನ ರಗಳೆ ಬೇಡ" ಅನ್ನುತ್ತಾರೆ, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಸ್ವಲ್ಪ ದುಡ್ಡು ಜಾಸ್ತಿ ಇದ್ದವರು "316 ಹಾಕಿ" ಅನ್ನುತ್ತಾರೆ; 304 ಎಸ್‌ಎಸ್‌ನ ಮಾಮೂಲಿ ದರ್ಜೆ, 316 ಅದಕ್ಕಿಂತ ದುಬಾರಿ ದರ್ಜೆ. ಗ್ಯಾಸ್ ಯಾವುದು ಅಂತ ಕೇಳಿದರೆ ಹೇಳುತ್ತಾರೆ. ಅದರಲ್ಲಿ ನೀರಿನ ಅಂಶ ಎಷ್ಟು, ಎಷ್ಟು ಬಿಸಿ ಇರುತ್ತದೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ.

ಆದರೆ ಲೋಹ ತೀರ್ಮಾನ ಆಗುವುದೇ ಆ ಎರಡನೇ ಪ್ರಶ್ನೆಯ ಮೇಲೆ. ಗ್ಯಾಸ್ ಅದೇ ಇರಲಿ, ನೀರು ಸೇರಿದರೆ ಉತ್ತರ ಪೂರ್ತಿ ತಲೆಕೆಳಗಾಗುತ್ತದೆ. ಒಣ ಗ್ಯಾಸಿಗೆ ಬಾಳುವ ಅಗ್ಗದ ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಕಾರ್ಬನ್ ಸ್ಟೀಲ್) ಪೈಪು ಒದ್ದೆ ಗ್ಯಾಸಿಗೆ ಬೇಗ ಕರಗಿ ಹೋಗುತ್ತದೆ. ಒದ್ದೆ ಗ್ಯಾಸಿಗೆ ಬಾಳುವ ದುಬಾರಿ ಟೈಟಾನಿಯಂ ಒಣ ಗ್ಯಾಸಿನಲ್ಲಿ ಹೊತ್ತಿಕೊಂಡು ಉರಿಯುತ್ತದೆ. ಹೌದು, ಲೋಹವೇ ಉರಿಯುತ್ತದೆ. ಇದಕ್ಕೆ ಕ್ಲೋರಿನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ, ಅದರಿಂದಲೇ ಶುರು ಮಾಡೋಣ.

ಕ್ಲೋರಿನ್: ಒಂದೇ ಕೋಣೆ, ನಾಲ್ಕು ಸಾಮಾನು

ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಕ್ಲೋರಿನ್ ಜಾಸ್ತಿ ಕಾಣುವುದು ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಲ್ಲಿ. ಹೊಳೆಯ ನೀರಿರಲಿ, ಕೆರೆಯ ನೀರಿರಲಿ, ನಲ್ಲಿಗೆ ಬರುವ ಮೊದಲು ಕ್ಲೋರಿನ್ ಕುಡಿದೇ ಬರಬೇಕು. ಅಂಥ ಒಂದು ಕ್ಲೋರಿನ್ ಕೋಣೆಯಲ್ಲಿ ಸಿಲಿಂಡರ್‌ನಿಂದ ನೀರಿನ ತನಕ ನಡೆದುಕೊಂಡು ಹೋಗಿ ನೋಡಿ. ಹತ್ತು ಹೆಜ್ಜೆಯಲ್ಲಿ ನಾಲ್ಕು ಬಗೆಯ ಸಾಮಾನು ಸಿಗುತ್ತದೆ.

ಮೊದಲು ಸಿಲಿಂಡರ್. 100 ಕೆಜಿಯದ್ದಾಗಲಿ, 900 ಕೆಜಿಯ ಟನ್ನರ್ ಆಗಲಿ, ಮೈಯೆಲ್ಲ ಮಾಮೂಲಿ ಕಾರ್ಬನ್ ಸ್ಟೀಲ್. ಒಳಗಿರುವ ಕ್ಲೋರಿನ್‌ನಲ್ಲಿ ನೀರು ಹತ್ತು ಲಕ್ಷಕ್ಕೆ ಕೆಲವೇ ಹತ್ತು ಭಾಗ ಇರುವುದರಿಂದ ಸ್ಟೀಲಿಗೆ ಏನೂ ಆಗುವುದಿಲ್ಲ. ಸಿಲಿಂಡರ್‌ನಿಂದ ಹೊರಡುವ ಸುರುಳಿ ಟ್ಯೂಬು, ನಾವು ಪಿಗ್‌ಟೇಲ್ ಅನ್ನುವುದು, ತಾಮ್ರದ್ದು. ಬಗ್ಗುತ್ತದೆ, ಒಣ ಗ್ಯಾಸಿಗೆ ತಡೆಯುತ್ತದೆ. ಜಾಯಿಂಟಿಗೆ ಸೀಸದ ವಾಷರ್, ಒಂದು ಸಲ ಬಿಗಿ ಮಾಡಿದ್ದನ್ನು ಮತ್ತೆ ಹಾಕುವ ಹಾಗಿಲ್ಲ. ಆಮೇಲೆ ಮ್ಯಾನಿಫೋಲ್ಡು, ಅಂದರೆ ಸಿಲಿಂಡರುಗಳ ಗ್ಯಾಸು ಒಟ್ಟು ಸೇರುವ ಲೈನು, ಅದು ದಪ್ಪ ಗೋಡೆಯ ಸೀಮ್‌ಲೆಸ್ ಸ್ಟೀಲ್ ಪೈಪು. ಗ್ಯಾಸಿನ ಒತ್ತಡ ಇಳಿಸಿ ನಿರ್ವಾತದಲ್ಲಿ ಮುಂದೆ ಬಿಡುವ ವ್ಯಾಕ್ಯೂಮ್ ರೆಗ್ಯುಲೇಟರ್ ದಾಟಿದ ಕೂಡಲೇ ಲೋಹ ಮಾಯ: ಪಿವಿಸಿ. ಅಲ್ಲಿಂದ ಮುಂದೆ ಗ್ಯಾಸು ನೀರಿಗೆ ಸೇರುವ ಎಜೆಕ್ಟರ್, ಕ್ಲೋರಿನ್ ನೀರು ಹೋಗುವ ಲೈನು, ಎಲ್ಲ ಪಿವಿಸಿ ಇಲ್ಲವೇ ಒಳಗೆ ರಬ್ಬರ್ ಹಾಸಿದ ಪೈಪು.

ಯಾಕೆ ಹೀಗೆ? ಕ್ಲೋರಿನ್ ನೀರಿಗೆ ಸೇರಿದರೆ ಎರಡು ಆಮ್ಲ ಹುಟ್ಟುತ್ತವೆ. ಒಂದು ಹೈಡ್ರೋಕ್ಲೋರಿಕ್, ಇನ್ನೊಂದು ಹೈಪೋಕ್ಲೋರಸ್. ಮೊದಲನೆಯದು ಲೋಹ ತಿನ್ನುತ್ತದೆ, ಎರಡನೆಯದು ಆ ತಿನ್ನುವ ಕೆಲಸಕ್ಕೆ ಇನ್ನಷ್ಟು ವೇಗ ಕೊಡುತ್ತದೆ. ಎಂಎಸ್, ತಾಮ್ರ, ಹಿತ್ತಾಳೆ ಯಾವುದೂ ಇದರ ಮುಂದೆ ನಿಲ್ಲುವುದಿಲ್ಲ.

ಎಸ್‌ಎಸ್ ನಿಲ್ಲಬಹುದಲ್ವಾ ಅಂತ ಕೇಳುತ್ತಾರೆ. ನಿಲ್ಲುವುದಿಲ್ಲ. ಎಸ್‌ಎಸ್‌ನ ಬಲ ಇರುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡ್ ಪದರದಲ್ಲಿ. ಕಾದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ, ಒಂದು ಕಡೆ ಕೆರೆದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಕ್ಲೋರೈಡ್ ಇದ್ದ ಕಡೆ ಈ ಪದರ ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ, ಮತ್ತೆ ಕಟ್ಟುವುದಿಲ್ಲ. ಹೊರಗೆ ಪೈಪು ಫಳಫಳ ಅನ್ನುತ್ತಿರುತ್ತದೆ. ಒಳಗೆ ಸೂಜಿ ಚುಚ್ಚಿದ ಹಾಗೆ ತೂತು ಬಿದ್ದಿರುತ್ತದೆ. ಎಂಎಸ್ ಆದರೆ ತುಕ್ಕು ಉದುರಿ, ತೆಳ್ಳಗಾಗಿ, ಮುಂಚೆಯೇ ಸುಳಿವು ಕೊಡುತ್ತದೆ. ಎಸ್‌ಎಸ್ ಹೇಳದೆ ಕೇಳದೆ ಸೋರುತ್ತದೆ. ವೆಲ್ಡ್ ಮಾಡಿದ ಕಡೆ, ಬಗ್ಗಿಸಿದ ಕಡೆ ಲೋಹದಲ್ಲಿ ಬಿಗಿತ ಉಳಿದಿದ್ದರೆ, ಜೊತೆಗೆ ಬಿಸಿಯೂ ಇದ್ದರೆ, ಸೀಳು ಬಿಡುವುದೂ ಉಂಟು. ಒದ್ದೆ ಕ್ಲೋರಿನ್‌ಗೆ 304ಕ್ಕೂ 316ಕ್ಕೂ ಇರುವ ವ್ಯತ್ಯಾಸ ಅಂದರೆ ಸ್ವಲ್ಪ ದಿನ ಹೆಚ್ಚು ಕಡಿಮೆ, ಅಷ್ಟೇ.

ಒದ್ದೆ ಕ್ಲೋರಿನ್‌ಗೆ ನಿಜವಾಗಿ ಬಾಳುವ ಲೋಹಗಳು ಮೂರು: ಟೈಟಾನಿಯಂ, ಹ್ಯಾಸ್ಟೆಲಾಯ್ ಸಿ-276, ಟ್ಯಾಂಟಲಂ. ಟೈಟಾನಿಯಂ ಇಲ್ಲಿ ರಾಜ. ಕಾಗದದ ತಿರುಳನ್ನು ಕ್ಲೋರಿನ್ ಡೈಆಕ್ಸೈಡ್‌ನಿಂದ ಬಿಳುಪು ಮಾಡುವ ಕಾರ್ಖಾನೆಗಳು ಅದನ್ನೇ ನಂಬಿವೆ. ಆದರೆ ಟೈಟಾನಿಯಂಗೆ ತನ್ನ ಪದರ ಕಟ್ಟಿಕೊಳ್ಳಲು ನೀರು ಬೇಕು. ಗ್ಯಾಸಿನಲ್ಲಿ ಸುಮಾರು ಶೇ 1ರಷ್ಟಾದರೂ ನೀರಾವಿ ಇರಬೇಕು, ಬಿಸಿ ಏರಿದರೆ ಇನ್ನೂ ಜಾಸ್ತಿ ಬೇಕು. ಅದಕ್ಕಿಂತ ಒಣಗಿದರೆ ಕೋಣೆಯ ತಾಪದಲ್ಲೇ ಹೊತ್ತಿಕೊಳ್ಳಬಹುದು. ಹಾಗಾಗಿ ಸಿಲಿಂಡರ್ ಕಡೆಯ ಯಾವ ಭಾಗಕ್ಕೂ ಟೈಟಾನಿಯಂ ಮುಟ್ಟಿಸಬಾರದು. "ದುಬಾರಿ ಲೋಹ, ಎಲ್ಲಿ ಹಾಕಿದರೂ ಒಳ್ಳೆಯದೇ" ಅನ್ನುವ ಲೆಕ್ಕ ಇಲ್ಲಿ ಪ್ರಾಣಕ್ಕೇ ಬರುತ್ತದೆ.

ಸಿ-276 ನಿಕ್ಕಲ್ ಮೂಲದ ಮಿಶ್ರಲೋಹ. ಮಾಲಿಬ್ಡಿನಮ್ ಶೇ 15ರಿಂದ 17, ಕ್ರೋಮಿಯಂ ಹೆಚ್ಚು ಕಡಿಮೆ ಅಷ್ಟೇ. ಇದರ ದೊಡ್ಡ ಗುಣ ಅಂದರೆ ಒಣ ಕ್ಲೋರಿನ್‌ಗೂ ಆಗುತ್ತದೆ, ತೀರಾ ಬಿಸಿ ಇಲ್ಲದಿದ್ದರೆ ಒದ್ದೆಗೂ ಆಗುತ್ತದೆ. ಗ್ಯಾಸು ಒಮ್ಮೆ ಒಣ, ಒಮ್ಮೆ ಒದ್ದೆ ಆಗುವ ಜಾಗಕ್ಕೆ, ಸ್ಪ್ರಿಂಗ್, ಸೂಜಿ ವಾಲ್ವ್, ಡಯಾಫ್ರಂ ತರಹದ ಚಿಕ್ಕ ಭಾಗಗಳಿಗೆ ನನ್ನ ಮತ ಇದಕ್ಕೇ. ಉದ್ದದ ಪೈಪಿಗೆ ಇದನ್ನು ಹಾಕುವುದು ಸುಮ್ನೆ ದುಡ್ಡು ದಂಡ, ಅಲ್ಲಿಗೆ ಪಿವಿಸಿ ಸಾಕು. ಟ್ಯಾಂಟಲಂ ಎರಡಕ್ಕೂ ಬಾಳುತ್ತದೆ, ಆದರೆ ಬೆಲೆ ಕೇಳಿದವರು ಮತ್ತೆ ಫೋನ್ ಮಾಡುವುದಿಲ್ಲ.

ಬಿಸಿಯ ಮಾತು ಒಂದು ಹೇಳಿಬಿಡುತ್ತೇನೆ. ಒಣ ಕ್ಲೋರಿನ್‌ಗೆ ಸ್ಟೀಲ್ ಒಳ್ಳೆಯದು ಅಂದದ್ದು ಸುಮಾರು 120 ಡಿಗ್ರಿ ಸೆಲ್ಸಿಯಸ್ ತನಕ. 250 ಡಿಗ್ರಿ ಹತ್ತಿರಕ್ಕೆ ಬಂದರೆ ಕಬ್ಬಿಣವೇ ಕ್ಲೋರಿನ್‌ನಲ್ಲಿ ಹೊತ್ತಿಕೊಳ್ಳುತ್ತದೆ. ಕ್ಲೋರಿನ್ ಉಳಿದಿರುವ ಲೈನಿಗೆ ವೆಲ್ಡಿಂಗ್ ಟಾರ್ಚ್ ಹಿಡಿಯುವವರಿಗೆ ಇಷ್ಟು ಗೊತ್ತಿರಬೇಕು. ಅಷ್ಟು ಬಿಸಿಯಲ್ಲಿ ಒಣ ಕ್ಲೋರಿನ್ ನಡೆಸಲೇಬೇಕಾದರೆ ಶುದ್ಧ ನಿಕ್ಕಲ್, ಇಲ್ಲವೇ ಇಂಕೊನೆಲ್ 600 ಅನ್ನುವ ನಿಕ್ಕಲ್ ಮಿಶ್ರಲೋಹ.

ಈಗ ಪಿಗ್‌ಟೇಲ್‌ಗೆ ವಾಪಸ್ ಬರೋಣ, ತೊಂದರೆ ಮೊದಲು ಕಾಣುವುದು ಅಲ್ಲೇ. ಸಿಲಿಂಡರ್ ಬದಲಿಸುವಾಗ ಟ್ಯೂಬನ್ನು ಬಿಚ್ಚಿ ಹಾಗೇ ನೇತಾಡಲು ಬಿಡುತ್ತಾರೆ. ಆಷಾಢದ ತಂಡಿ ಗಾಳಿ ಒಳಗೆ ಹೋಗುತ್ತದೆ. ಒಳಗೋಡೆಗೆ ಅಂಟಿದ್ದ ಚೂರು ಕ್ಲೋರಿನ್‌ಗೆ ಅಷ್ಟೇ ತೇವ ಸಾಕು. ನಟ್ಟಿನ ಬುಡದಲ್ಲಿ ಹಸಿರು ಪುಡಿ ಕಂಡರೆ ಒಳಗೆ ಕೆಲಸ ಶುರುವಾಗಿದೆ ಅಂತಲೇ ಅರ್ಥ. ಇನ್ನೊಂದು ಗುರುತು ಕಿವಿಗೆ ಸಿಗುತ್ತದೆ: ಟ್ಯೂಬನ್ನು ಮೆಲ್ಲಗೆ ಬಗ್ಗಿಸಿದಾಗ ಕಿರ್ರ್ ಅಂತ ಸದ್ದು ಬಂದರೆ ಒಳಗೋಡೆ ತಿಂದುಹೋಗಿದೆ, ಆ ಟ್ಯೂಬು ಗುಜರಿಗೆ. ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಕ್ಯಾಪ್ ಹಾಕುವ ಅಭ್ಯಾಸ ಇದ್ದರೆ ಇದೇ ತಾಮ್ರ ಚೆನ್ನಾಗಿ ಬಾಳುತ್ತದೆ. ಚಳ್ಳಕೆರೆ, ಹಿರಿಯೂರು ಕಡೆಯವರು ನಮ್ಮಲ್ಲಿ ಗಾಳಿ ಒಣ ಅಂತ ಉದಾಸೀನ ಮಾಡಬಾರದು. ಚಳಿಗಾಲದ ಬೆಳಗಿನ ಜಾವ ತಣ್ಣಗಿನ ಲೋಹದ ಮೇಲೆ ಅಲ್ಲೂ ಇಬ್ಬನಿ ಕೂರುತ್ತದೆ.

ಸೋರುವ ಜಾಗಕ್ಕೆ ನೀರು ಹಾಕುವುದು ಇದೇ ತಪ್ಪಿನ ದೊಡ್ಡ ರೂಪ. ನೀರು ಬಿದ್ದ ಕಡೆ ಆಮ್ಲ ಆಗಿ ತೂತು ಇನ್ನೂ ಅಗಲವಾಗುತ್ತದೆ. ಸೋರಿಕೆ ಹುಡುಕಲು ಅಮೋನಿಯಾ ದ್ರಾವಣದ ಬಾಟಲಿಯ ಬಾಯನ್ನು ಹತ್ತಿರ ಹಿಡಿಯುತ್ತಾರೆ. ಕ್ಲೋರಿನ್ ಇದ್ದರೆ ಬಿಳಿ ಹೊಗೆ ಏಳುತ್ತದೆ. ದ್ರಾವಣವನ್ನು ಹಿತ್ತಾಳೆ ವಾಲ್ವಿನ ಮೇಲೆ ಸುರಿಯಬೇಡಿ, ಕಾರಣ ಮುಂದಿನ ಭಾಗದಲ್ಲಿದೆ.

ಅಮೋನಿಯಾ: ಹಿತ್ತಾಳೆಗೆ ಬಾಗಿಲು ಬಂದ್

ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್, ಹಾಲು ತಂಪು ಮಾಡುವ ಘಟಕ, ಇಲ್ಲೆಲ್ಲ ಓಡುವುದು ಅಮೋನಿಯಾ. ಇಲ್ಲಿ ಆಯ್ಕೆ ಸುಲಭ. ಕಾರ್ಬನ್ ಸ್ಟೀಲ್ ಹಾಕಿ, ಸಾಕು. ಗ್ಯಾಸು ತೀರಾ ತಣ್ಣಗಾಗುವ ಕಡೆ ಮಾತ್ರ ಚಳಿಗೆ ಪೆಡಸಾಗದ ದರ್ಜೆಯ ಸ್ಟೀಲ್ ಬೇಕು. ಅಮೋನಿಯಾ ಕುದಿಯುವುದೇ ಸೊನ್ನೆಗಿಂತ ಕೆಳಗೆ 33 ಡಿಗ್ರಿಯಲ್ಲಿ, ಅಲ್ಲಿ ಮಾಮೂಲಿ ಸ್ಟೀಲಿಗೆ ಪೆಟ್ಟು ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಎಸ್‌ಎಸ್ ಆಗುತ್ತದೆ, ಆದರೆ ಅದಕ್ಕೆ ಕೊಡುವ ಹೆಚ್ಚಿನ ದುಡ್ಡಿಗೆ ಇಲ್ಲಿ ಬೆಲೆ ಇಲ್ಲ. ಜಿಐ ಬೇಡ, ಅದರ ಸತುವಿನ ಲೇಪವನ್ನು ಒದ್ದೆ ಅಮೋನಿಯಾ ಬಿಡಿಸುತ್ತದೆ.

ತಾಮ್ರ, ಹಿತ್ತಾಳೆ, ಗನ್‌ಮೆಟಲ್ (ತಾಮ್ರ, ತವರದ ಮಿಶ್ರಲೋಹ) ಮಾತ್ರ ಬೇಡವೇ ಬೇಡ. ಬ್ರಿಟಿಷರ ಕಾಲದಲ್ಲಿ ಇದೇ ನಮ್ಮ ದೇಶದಲ್ಲಿ ಒಂದು ವಿಚಿತ್ರ ನಡೆದಿತ್ತು. ಸೈನ್ಯದ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದು ನೋಡಿದರೆ ತೋಟಾಗಳು ತಾವಾಗೇ ಸೀಳಿ ಹೋಗಿರುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ, ಮಳೆಗಾಲದ ತೇವ, ತೋಟಾ ಎಳೆದು ಮಾಡುವಾಗ ಲೋಹದಲ್ಲಿ ಉಳಿದ ಬಿಗಿತ, ಮೂರೂ ಸೇರಿ ಮಾಡಿದ ಕೆಲಸ ಅದು. ಕಾರಣ ಸರಿಯಾಗಿ ಬಿಡಿಸಿ ಹೇಳಿದ್ದು 1921ರಲ್ಲಿ.

ಈಗ ಲಾಯ ಇಲ್ಲ, ಪ್ರೆಷರ್ ಗೇಜ್ ಇದೆ. ಅಂಗಡಿಯಲ್ಲಿ ಸಿಗುವ ಸಾದಾ ಗೇಜಿನ ಒಳಗೆ ಬಾಗಿದ ಟ್ಯೂಬು ಹಿತ್ತಾಳೆ ಅಥವಾ ಕಂಚಿನದ್ದು. ಪೈಪೆಲ್ಲ ಸ್ಟೀಲ್ ಹಾಕಿ, ಕೊನೆಗೆ ಅಂಥ ಗೇಜ್ ತಿರುಗಿಸಿಬಿಟ್ಟರೆ ಸೀಳುವುದು ಅದೇ. ಅಮೋನಿಯಾಗೆ ಅಂತಲೇ ಮಾಡಿದ, ಸ್ಟೀಲ್ ಟ್ಯೂಬಿನ ಗೇಜ್ ಕೇಳಿ ತನ್ನಿ. ವಾಲ್ವಿನ ಒಳಗಿನ ಬುಷ್, ಸೀಟು ಕೂಡ ನೋಡಬೇಕು. ಹೊರಮೈ ಎರಕದ ಸ್ಟೀಲ್ ಇದ್ದು ಒಳಗೆ ಗನ್‌ಮೆಟಲ್ ಇರುವ ವಾಲ್ವುಗಳು ಧಾರಾಳವಾಗಿ ಮಾರಾಟವಾಗುತ್ತವೆ.

ನೀರಿನ ಲೆಕ್ಕ ಇಲ್ಲಿ ಕ್ಲೋರಿನ್‌ಗೆ ಪೂರಾ ಉಲ್ಟಾ. ತೀರಾ ಒಣ ಅಮೋನಿಯಾದಲ್ಲಿ ಚೂರು ಗಾಳಿ ಸೇರಿದರೆ ಸ್ಟೀಲ್ ಟ್ಯಾಂಕುಗಳೇ ಸೀಳುತ್ತವೆ. ಅದನ್ನು ತಡೆಯಲು ಗೊಬ್ಬರದ ಅಮೋನಿಯಾ ಟ್ಯಾಂಕುಗಳಲ್ಲಿ ಬೇಕೆಂದೇ ಶೇ 0.2ರಷ್ಟು ನೀರು ಬೆರೆಸುತ್ತಾರೆ. ತಂಪು ಮಾಡುವ ಯಂತ್ರಗಳಲ್ಲಿ ನೀರು ಹಾಕುವುದಕ್ಕಿಂತ ಗಾಳಿ ಒಳಗೆ ಬಾರದ ಹಾಗೆ ನೋಡಿಕೊಳ್ಳುವುದೇ ದಾರಿ.

ಗಂಧಕದ ಗ್ಯಾಸುಗಳು

ಗೋಬರ್ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಕೊಡುವುದು ಹೈಡ್ರೋಜನ್ ಸಲ್ಫೈಡ್. ತಾಮ್ರ, ಹಿತ್ತಾಳೆಯನ್ನು ಕಪ್ಪು ಮಾಡುತ್ತದೆ. ತಾಮ್ರಕ್ಕೆ ಗಂಧಕದ ಸೆಳೆತ ಮೊದಲಿಂದಲೂ ಇದೆ. ಚಿತ್ರದುರ್ಗದ ಇಂಗಳದಾಳ್ ಗಣಿಯಲ್ಲಿ ತಾಮ್ರ ಸಿಗುತ್ತಿದ್ದದ್ದೂ ಗಂಧಕದ ಜೊತೆ ಕೂಡಿಕೊಂಡೇ. ಮನೆಮಟ್ಟದ ಗ್ಯಾಸಿಗೆ ಲೋಹದ ಚಿಂತೆ ಬಿಟ್ಟು ಎಚ್‌ಡಿಪಿಇ ಪೈಪು ಎಳೆಯಿರಿ. ಜನರೇಟರ್ ಓಡಿಸುವಷ್ಟು ದೊಡ್ಡದಾದರೆ ಮೊದಲು ಗ್ಯಾಸನ್ನು ಕಬ್ಬಿಣದ ಆಕ್ಸೈಡ್ ತುಂಬಿದ ಡಬ್ಬಿಯ ಮೂಲಕ ಹಾಯಿಸಿ ಗಂಧಕ ತೆಗೆಯಿರಿ, ಆಮೇಲೆ 304 ಸಾಕು. ಒತ್ತಡ ಜಾಸ್ತಿ ಇರುವ ಕಡೆ ಗಟ್ಟಿ ಬೋಲ್ಟು, ಗಟ್ಟಿ ಸ್ಪ್ರಿಂಗು ಅಪಾಯ. ಈ ಗ್ಯಾಸು ಹೈಡ್ರೋಜನ್ನನ್ನು ಸ್ಟೀಲಿನೊಳಕ್ಕೆ ತೂರಿಸಿ ಗಡುಸಾದ ಸ್ಟೀಲನ್ನೇ ಪಟ್ ಅಂತ ಮುರಿಯುತ್ತದೆ. ಅದಕ್ಕೇ ಮಾಮೂಲಿ ಸ್ಟೀಲಿನ ಗಡಸುತನ ರಾಕ್‌ವೆಲ್ ಸಿ ಅನ್ನುವ ಅಳತೆಯಲ್ಲಿ 22 ದಾಟಬಾರದು ಅನ್ನುವ ಮಿತಿ ಇದೆ. ಹೆಚ್ಚು ಗಟ್ಟಿ ಬೋಲ್ಟೇ ಹೆಚ್ಚು ಒಳ್ಳೆಯದು ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಸಕ್ಕರೆ ಕಾರ್ಖಾನೆಯಲ್ಲಿ ರಸ ತಿಳಿ ಮಾಡಲು ಗಂಧಕ ಸುಟ್ಟು ಸಲ್ಫರ್ ಡೈಆಕ್ಸೈಡ್ ಮಾಡುತ್ತಾರೆ. ಬರ್ನರ್ ಹತ್ತಿರ ಗ್ಯಾಸು ಬಿಸಿ, ಒಣ. ಅಲ್ಲಿ ಎರಕದ ಕಬ್ಬಿಣ ನಡೆಯುತ್ತದೆ. ರಸಕ್ಕೆ ಸೇರುವ ಕಡೆ ಒದ್ದೆ, ಆಮ್ಲ. ಅಲ್ಲಿ 304 ಬೇಗ ಸೋಲುತ್ತದೆ, 316ಎಲ್ ಬಾಳುತ್ತದೆ. 316ಗೆ ಕೊಟ್ಟ ದುಡ್ಡು ನಿಜಕ್ಕೂ ವಸೂಲಾಗುವ ಜಾಗ ಇದು. ಇವೆರಡರ ನಡುವೆ ಪೈಪು ತಣ್ಣಗಾಗುತ್ತಾ ಹೋಗುವ ಭಾಗ ಇರುತ್ತದಲ್ವಾ, ಕಣ್ಣಿಡಬೇಕಾದ್ದು ಅಲ್ಲಿ. ಆವಿ ನೀರಾಗಿ ಗೋಡೆಗೆ ಕೂರುವುದು ಅಲ್ಲೇ.

ವೆಲ್ಡಿಂಗ್ ಅಂಗಡಿಯ ಎರಡು ಗ್ಯಾಸು

ಆಕ್ಸಿಜನ್, ಅಸಿಟಿಲಿನ್ ವಿಷಯದಲ್ಲಿ ತುಕ್ಕಿಗಿಂತ ದೊಡ್ಡ ಭಯ ಬೆಂಕಿ. ಆಕ್ಸಿಜನ್‌ಗೆ ತಾಮ್ರ, ಹಿತ್ತಾಳೆ, ಮೋನೆಲ್ (ನಿಕ್ಕಲ್-ತಾಮ್ರದ ಮಿಶ್ರಲೋಹ) ಒಳ್ಳೆಯವು, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಆಸ್ಪತ್ರೆಗಳಲ್ಲಿ ಎಣ್ಣೆ ಜಿಡ್ಡು ತೊಳೆದ ತಾಮ್ರದ ಪೈಪು ಹಾಕುವುದು ಅದಕ್ಕೇ. ಹೆಚ್ಚು ಒತ್ತಡದಲ್ಲಿ ಅಲ್ಯೂಮಿನಿಯಂ ಕೂಡ, ಎಸ್‌ಎಸ್ ಕೂಡ ಉರಿಯಬಲ್ಲದು. ಟೈಟಾನಿಯಂ ಇಲ್ಲೂ ಬೇಡ.

ಅಸಿಟಿಲಿನ್‌ಗೆ ತಾಮ್ರವೇ ಶತ್ರು. ತಾಮ್ರದ ಅಸಿಟಲೈಡ್ ಅನ್ನುವ ಪುಡಿ ಕಟ್ಟುತ್ತದೆ. ಒಣಗಿದ ಮೇಲೆ ಒಂದು ಪೆಟ್ಟಿಗೆ ಸಿಡಿಯುತ್ತದೆ. ಶೇ 65ಕ್ಕಿಂತ ಕಡಿಮೆ ತಾಮ್ರ ಇರುವ ಹಿತ್ತಾಳೆಯ ರೆಗ್ಯುಲೇಟರ್ ಪರವಾಗಿಲ್ಲ. ಶುದ್ಧ ತಾಮ್ರ, ಬೆಳ್ಳಿ ಕೂಡದು. ಹೋಸ್ ತುಂಡಾದಾಗ ಫ್ರಿಡ್ಜಿನ ಹಳೇ ತಾಮ್ರದ ಟ್ಯೂಬು ತುರುಕಿ ಕ್ಲಿಪ್ ಬಿಗಿಯುವುದನ್ನು ನಮ್ಮೂರಿನ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಈಗಲೂ ನೋಡುತ್ತೇನೆ. ಅಸಿಟಿಲಿನ್ ಹೋಗುವ ಕೆಂಪು ಹೋಸಿನಲ್ಲಿ ಅದು ಕಂಡರೆ ಅವತ್ತೇ ತೆಗೆಸಿ. ಜಾಯಿಂಟಿಗೆ ಅಂತಲೇ ಮಾಡಿದ ಹಿತ್ತಾಳೆ ನಿಪ್ಪಲ್ ಸಿಗುತ್ತದೆ, ದುಬಾರಿಯೇನಲ್ಲ.

ಹೈಡ್ರೋಜನ್ ಕ್ಲೋರೈಡ್, ಹೈಡ್ರೋಜನ್ ಫ್ಲೋರೈಡ್

ನಮ್ಮ ಕಡೆ ಇವು ಅಪರೂಪ, ಬೇಗ ಮುಗಿಸುತ್ತೇನೆ. ಹೈಡ್ರೋಜನ್ ಕ್ಲೋರೈಡ್ ಒಣಗಿದ್ದರೆ ಸ್ಟೀಲ್ ಆಗುತ್ತದೆ. ಒದ್ದೆಯಾದರೆ ಯಾವ ಎಸ್‌ಎಸ್ ಕೂಡ ಲೆಕ್ಕಕ್ಕಿಲ್ಲ. ಒದ್ದೆ ಕ್ಲೋರಿನ್‌ನಲ್ಲಿ ರಾಜನಾಗಿದ್ದ ಟೈಟಾನಿಯಂ ಇಲ್ಲಿ ಸೋಲುತ್ತದೆ. ಹ್ಯಾಸ್ಟೆಲಾಯ್, ಟ್ಯಾಂಟಲಂ, ಗ್ರ್ಯಾಫೈಟ್, ಗಾಜು ಹಾಸಿದ ಪಾತ್ರೆ, ಇಲ್ಲವೇ ಪ್ಲಾಸ್ಟಿಕ್, ಇಷ್ಟೇ ದಾರಿ. ಫ್ಲೋರಿನ್ ಬಂಧುಗಳು ಗಾಜನ್ನೂ ಬಿಡುವುದಿಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಮುವಾಸಾನ್ 1886ರಲ್ಲಿ ಫ್ಲೋರಿನ್ನನ್ನು ಮೊದಲ ಬಾರಿ ಬೇರ್ಪಡಿಸಿದಾಗ ಪ್ಲಾಟಿನಂ-ಇರಿಡಿಯಂ ಬಳಸಬೇಕಾಯಿತು. ಈಗ ನಿಕ್ಕಲ್ ಮತ್ತು ಮೋನೆಲ್ ಸಾಕು, ಅವುಗಳ ಮೈಮೇಲೆ ಫ್ಲೋರೈಡ್ ಪದರವೇ ಕಾವಲಾಗುತ್ತದೆ.

ಕೊಳ್ಳುವಾಗ, ಕೆಲಸ ಮಾಡಿಸುವಾಗ

ಮ್ಯಾಗ್ನೆಟ್ ಹಿಡಿದು ಎಸ್‌ಎಸ್ ಪರೀಕ್ಷೆ ಮಾಡುವುದು ನಮ್ಮಲ್ಲಿ ಶಾಸ್ತ್ರ ಆಗಿಬಿಟ್ಟಿದೆ. ಗೇಟು, ಕಂಬಿಗೆ ಬರುವ 202 ಕೂಡ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. 304 ಮತ್ತು 316 ಕಣ್ಣಿಗೂ ಒಂದೇ, ಮ್ಯಾಗ್ನೆಟ್ಟಿಗೂ ಒಂದೇ. ವ್ಯತ್ಯಾಸ 316ರಲ್ಲಿರುವ ಶೇ 2ರಿಂದ 3 ಮಾಲಿಬ್ಡಿನಮ್. ಅದನ್ನು ತೋರಿಸುವ ಹನಿ ಪರೀಕ್ಷೆಯ ಕಿಟ್ ಸಿಗುತ್ತದೆ, ಒಂದು ಹನಿ ಬಿಟ್ಟರೆ ಬಣ್ಣ ಬದಲಾಗುತ್ತದೆ. ದೊಡ್ಡ ಆರ್ಡರ್ ಆದರೆ ಎಕ್ಸ್‌ಆರ್‌ಎಫ್ ಗನ್ (ಲೋಹದಲ್ಲಿ ಏನೇನು ಎಷ್ಟಿದೆ ಅಂತ ಎಕ್ಸ್‌ರೇ ಬಿಟ್ಟು ತೋರಿಸುವ ಯಂತ್ರ) ತರಿಸಿ ನೋಡಿಸಿ. ಟೆಸ್ಟ್ ಸರ್ಟಿಫಿಕೇಟ್ ಮೇಲಿನ ಹೀಟ್ ನಂಬರ್ (ಲೋಹವನ್ನು ಯಾವ ಸಲ ಕರಗಿಸಿದ್ದು ಅನ್ನುವ ಗುರುತು) ಪೈಪಿನ ಮೇಲಿನ ನಂಬರಿಗೆ ಹೊಂದಬೇಕು. ಪೈಪು ಕತ್ತರಿಸುವಾಗ ನಂಬರ್ ಇಲ್ಲದ ತುದಿಯಿಂದ ಕತ್ತರಿಸಲು ಹೇಳಿ, ಉಳಿದ ತುಂಡಿನ ಗುರುತು ಉಳಿಯುತ್ತದೆ.

ವೆಲ್ಡ್ ಮಾಡುವ ಪೈಪಿಗೆ 'ಎಲ್' ಇರುವುದನ್ನೇ ತೆಗೆದುಕೊಳ್ಳಿ: 304ಎಲ್, 316ಎಲ್. ಕಾರ್ಬನ್ ಶೇ 0.03ರ ಒಳಗಿರುತ್ತದೆ. ಕಾರ್ಬನ್ ಜಾಸ್ತಿ ಇದ್ದರೆ ವೆಲ್ಡ್ ಪಕ್ಕದ ಬಿಸಿಯಲ್ಲಿ ಅದು ಕ್ರೋಮಿಯಮ್ಮನ್ನು ಹಿಡಿದುಕೊಂಡು ಕೂತುಬಿಡುತ್ತದೆ. ಆ ಗೆರೆ ಉದ್ದಕ್ಕೂ ಲೋಹ ಬಡವಾಗುತ್ತದೆ. ವೆಲ್ಡ್ ಪಕ್ಕದಲ್ಲಿ ನೀಲಿ, ಕಂದು ಬಣ್ಣದ ಪಟ್ಟಿ ಬಂದಿರುತ್ತದಲ್ಲ, ಅದನ್ನು ಪಿಕ್ಲಿಂಗ್ ಪೇಸ್ಟ್ (ಆಮ್ಲದ ಪೇಸ್ಟ್) ಹಚ್ಚಿ ತೊಳೆಸದೆ ಬಿಲ್ಲು ಕೊಡಬೇಡಿ.

ಬೆಲೆ ಹೋಲಿಸುವಾಗ ಕೆಜಿ ಲೆಕ್ಕ ಮೋಸ. ಟೈಟಾನಿಯಂ ಸಾಂದ್ರತೆ 4.5, ಸ್ಟೀಲ್ 7.9 ಹತ್ತಿರ, ಸಿ-276 ಸುಮಾರು 8.9. ಒಂದೇ ಅಳತೆಯ ಒಂದು ಮೀಟರ್ ಪೈಪಿಗೆ ಟೈಟಾನಿಯಂ ತೂಕ ಸಿ-276ರ ಅರ್ಧ. ಹಾಗಾಗಿ ಮೀಟರ್ ಲೆಕ್ಕದಲ್ಲೇ ದರ ಕೇಳಿ. ಟೈಟಾನಿಯಂ ಲೇತ್ ಕೆಲಸ ಇದ್ದರೆ ಚೂಪಾದ ಟೂಲು, ನಿಧಾನ ವೇಗ, ಜಾಸ್ತಿ ಕೂಲೆಂಟ್ ಬೇಕು. ಉದುರಿದ ಸಣ್ಣ ಚೂರು ಗುಡ್ಡೆ ಬಿದ್ದು ಬೆಂಕಿ ತಗುಲಿದರೆ ನೀರಿಗೆ ಆರುವುದಿಲ್ಲ, ಒಣ ಮರಳು ಹತ್ತಿರ ಇಟ್ಟುಕೊಳ್ಳಿ.

ಕೊನೆಯದು ಲೈನಿಗೆ ನೀರು ತುಂಬಿ ಒತ್ತಡ ಕೊಟ್ಟು ಮಾಡುವ ಪರೀಕ್ಷೆ. ಚಿತ್ರದುರ್ಗ ಕಡೆಯ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಉಪ್ಪುಪ್ಪು. ಎಸ್‌ಎಸ್ ಲೈನಿಗೆ ತುಂಬುವ ನೀರಿನಲ್ಲಿ ಕ್ಲೋರೈಡ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಭಾಗ) ಒಳಗಿರಬೇಕು ಅನ್ನುವುದು ಸಾಮಾನ್ಯ ರೂಢಿ. ಪರೀಕ್ಷೆ ಮುಗಿಸಿ ನೀರು ಪೂರ್ತಿ ಇಳಿಸದೆ ಎರಡು ವಾರ ಬಿಟ್ಟರೆ, ತಗ್ಗಿನಲ್ಲಿ ನಿಂತ ನೀರು ಆರುತ್ತಾ ಉಪ್ಪು ಗಟ್ಟಿಯಾಗಿ, ಗ್ಯಾಸು ಬರುವ ಮೊದಲೇ ಹೊಸ ಪೈಪಿಗೆ ತೂತು ಬೀಳಲು ಶುರುವಾಗುತ್ತದೆ. ಆರ್‌ಒ ನೀರು ತರಿಸಿ, ಪರೀಕ್ಷೆ ಆದ ದಿನವೇ ಇಳಿಸಿ, ಒಣ ಗಾಳಿ ಊದಿಸಿ. ಕ್ಲೋರಿನ್ ಲೈನ್ ಆದರೆ ಕಂಪ್ರೆಸರ್‌ನ ಮಾಮೂಲಿ ಗಾಳಿ ಸಾಲದು, ಅದರಲ್ಲಿ ಎಣ್ಣೆಯೂ ಇರುತ್ತದೆ, ತೇವವೂ ಇರುತ್ತದೆ. ಒಣ ನೈಟ್ರೋಜನ್ ಸಿಲಿಂಡರ್ ತರಿಸಿ, ಆಚೆ ತುದಿಯಲ್ಲಿ ತೇವ ಅಳೆಯುವ ಡ್ಯೂ ಪಾಯಿಂಟ್ ಮೀಟರ್ ಹಿಡಿದು, ಸೊನ್ನೆಗಿಂತ ಕೆಳಗೆ 40 ಡಿಗ್ರಿ ತೋರಿಸುವ ತನಕ ಊದಿಸಿ, ಆಮೇಲೆ ಸಿಲಿಂಡರ್ ಜೋಡಿಸಿ.